ಪಾಸ್‌ಪೋರ್ಟ್ ಬದಲಾದ ಕತೆ, ಜತೆಗೆ ಬ್ರೆಮೆನ್ ಊರಿನ ಒಬ್ಬ ಹುಡುಗ

ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕಿದ್ದು ಹೇಗೆ, ಎಷ್ಟು ದಿನ ಆಯ್ತು, ಎಷ್ಟು ದುಡ್ಡು ಹೋಯ್ತು ಅಂತ ಸುಮಾರು ಜನ ಗೆಳತಿಯರು ಕೇಳ್ತಾನೇ ಇರ್ತಾರೆ, ಒಬ್ಬೊಬ್ರಿಗೂ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗಿ ಒಂದ್ಸಲ ಬರೆದೇ ಬಿಡೋಣ ಅಂತ ಕೂತಿದ್ದೀನಿ. ಆದ್ರೆ ನನ್ನ ಕತೆ ಒಂದನ್ನೇ ಹೇಳಕ್ಕೆ ಆಗಲ್ಲ, ಇದರೊಳಗೆ ಒಬ್ಬ ಜರ್ಮನಿ ಕಡೆಯ ಬಟ್ಟೆ ವ್ಯಾಪಾರಿನೂ ಬರ್ತಾನೆ, ಅವನು ಸತ್ತು ಇನ್ನೂರ ಎಪ್ಪತ್ತು ವರ್ಷದ ಮೇಲಾಯ್ತು, ಆದ್ರೂ ಈ ಅರ್ಜಿ ತುಂಬೋ ಅಷ್ಟೂ ದಿನ ನನ್ನ ಪಕ್ಕದಲ್ಲೇ ಕೂತಿದ್ದ ಅಂತ ಅನ್ಸುತ್ತೆ.

ನಾವಿರೋದು ಎಕ್ಸೆಟರ್‌ನಲ್ಲಿ. ಲಂಡನ್ನಿಂದ ಪಶ್ಚಿಮಕ್ಕೆ ರೈಲಲ್ಲಿ ಎರಡು ಗಂಟೆ ಮೇಲೆ, ಡೆವನ್ ಅನ್ನೋ ಪ್ರಾಂತ್ಯದ ಊರು, ಒಂದು ಕೆಥೀಡ್ರಲ್ಲು, ಒಂದು ಹೊಳೆ, ಒಂದು ಯೂನಿವರ್ಸಿಟಿ, ದಿನಾ ಮಳೆ. ನಮ್ಮನೆಯವ್ರಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ 2016ರಲ್ಲಿ ಬಂದ್ವಿ, ನಾನು ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡ್ತೀನಿ. ನಾನು ಚಳ್ಳಕೆರೆ ಕಡೆಯವಳು. ಅಜ್ಜ ಕಂಬಳಿ ನೇಯ್ತಿದ್ರು, ಅಪ್ಪ ಎಪಿಎಂಸಿಯ ದಲ್ಲಾಳಿ ಮಂಡಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ್ರು, ನಾನು ಎಕ್ಸೆಲ್ ಮಾಡ್ತೀನಿ, ಮನೆತನ ಹಿಂಗೇ ಲೆಕ್ಕದ ಕಡೆ ಜಾರ್ಕೊಂಡು ಬಂತು.

2022ರಲ್ಲಿ ಮಗಳು ಹುಟ್ಟಿದಾಗ ಜನನ ನೋಂದಣಿಗೆ ಟಾಪ್ಷಮ್ ರಸ್ತೆಯ ಆಫೀಸಿಗೆ ಹೋಗಿದ್ವಿ, ಆ ಕಟ್ಟಡದ ಹೆಸರು ಲಾರ್ಕ್‌ಬೇರ್. ಒಳ್ಳೆ ಹಳೇ ಕಾಲದ ಬಂಗಲೆ ಥರ ಇದೆ, ಮದುವೆನೂ ಅಲ್ಲೇ ಮಾಡ್ಕೊಳ್ತಾರೆ. ಆಗ ಆ ಹೆಸರು ತಲೆಗೇನೂ ಹೋಗ್ಲಿಲ್ಲ, ನಿದ್ದೆ ಇರ್ಲಿಲ್ಲ, ಮಗು ಅಳ್ತಿತ್ತು, ಮಗಳ ಹೆಸರಿನ ಸ್ಪೆಲಿಂಗು ಮೂರು ಸಲ ತಿದ್ದಿಸಿ ಮನೆಗೆ ಬಂದ್ವಿ. ನಮಗೆ ಅಷ್ಟೊತ್ತಿಗೆ ಪರ್ಮನೆಂಟ್ ವಾಸದ ಪರವಾನಗಿ ಬಂದಿದ್ರಿಂದ ಮಗಳು ಹುಟ್ತಾನೇ ಬ್ರಿಟಿಷ್ ಪ್ರಜೆ. ಅಸಲಿ ತಾಪತ್ರಯ ಶುರುವಾಗಿದ್ದು ಅಲ್ಲಿಂದಲೇ. ಮೂರು ಕೇಜಿ ಮಗುಗೆ ಒಂದು ದೇಶ, ಅದನ್ನ ಹೊತ್ಕೊಂಡಿರೋ ಅಪ್ಪ ಅಮ್ಮಂಗೆ ಇನ್ನೊಂದು ದೇಶ. ನಮ್ಮನೆಯವ್ರ ಚಿಕ್ಕಪ್ಪನ ಮಗ ಜರ್ಮನಿಯಲ್ಲಿದ್ದಾರೆ, ಅವ್ರ ಮನೆ ಗೃಹಪ್ರವೇಶಕ್ಕೆ ಹೋಗಬೇಕಂದ್ರೆ ಮಗಳು ಪಾಸ್‌ಪೋರ್ಟ್ ಹಿಡ್ಕೊಂಡು ಹಂಗೇ ಹೋಗ್ಬಹುದು, ನಮಗೆ ಷೆಂಗೆನ್ ವೀಸಾ, ಅಂದ್ರೆ ಯುರೋಪಿನ ಸುಮಾರು ದೇಶಗಳಿಗೆ ಸೇರಿ ಕೊಡೋ ವೀಸಾ ಬೇಕು, ಅದಕ್ಕೆ ಅಪಾಯಿಂಟ್‌ಮೆಂಟ್ ಬೇಕು, ಅದು ಸಿಗೋದು ಗೃಹಪ್ರವೇಶ ಆಗಿ ಒಂದೂವರೆ ತಿಂಗಳಿಗೆ. ಎರಡು ಸಲ ಹಿಂಗಾಯ್ತು. ಎರಡನೇ ಸಲ ಟಿಕೆಟ್ ದುಡ್ಡೂ ಹೋಯ್ತು. ಆವತ್ತು ನಮ್ಮನೆಯವ್ರು, ಸಾಕಿನ್ನು, ಅರ್ಜಿ ಹಾಕ್ಬಿಡೋಣ ಅಂದ್ರು.

ನನಗೆ ಮನಸ್ಸು ಒಪ್ಪಿರ್ಲಿಲ್ಲ ಅನ್ನೋದನ್ನ ಇಲ್ಲೇ ಹೇಳ್ಬಿಡ್ತೀನಿ. ಭಾರತದ ಕಾನೂನಲ್ಲಿ ಎರಡು ಪೌರತ್ವ ಇಟ್ಕೊಳ್ಳಕ್ಕೆ ಆಗಲ್ಲ, ಇನ್ನೊಂದು ತಗೊಂಡ ಗಳಿಗೆಗೆ ನಮ್ಮದು ಹೋಗುತ್ತೆ, ಪಾಸ್‌ಪೋರ್ಟ್ ವಾಪಸ್ ಒಪ್ಪಿಸ್ಬೇಕು. ಅದೊಂದು ಸಣ್ಣ ನೀಲಿ ಪುಸ್ತಕ ಅಷ್ಟೇ ಕಣೇ ಅಂತ ಗೆಳತಿ ಅಂದ್ಲು. ಅವಳಿಗೆ ಹೇಳೋದು ಸುಲಭ, ಅವಳು ಕೆನಡಾದಲ್ಲಿ ಈಗಾಗ್ಲೇ ಕೊಟ್ಟಾಗಿತ್ತು.

ಈ ಒದ್ದಾಟದ ದಿನಗಳಲ್ಲೇ ಒಂದು ಭಾನುವಾರ ಹೊಳೆ ದಂಡೆಗೆ ಹೋಗಿದ್ವಿ. ಎಕ್ಸೆಟರ್‌ನಲ್ಲಿ ಕೆಂಪು ಕೋಟು ಹಾಕ್ಕೊಂಡ ಗೈಡ್‌ಗಳಿದ್ದಾರೆ, ಬಿಟ್ಟಿಯಾಗಿ ಊರು ತೋರಿಸ್ತಾರೆ, ಎಲ್ಲಾ ರಿಟೈರ್ ಆದೋರು. ನಮ್ಮ ಗುಂಪಿಗೆ ಸಿಕ್ಕಿದ್ದು ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಕೈಯಲ್ಲಿ ಕೋಲು, ಧ್ವನಿ ಮಾತ್ರ ಸ್ಕೂಲ್ ಟೀಚರ್‌ದು. ದಂಡೆ ಮೇಲೆ ಇಟ್ಟಿಗೆಯ ಒಂದು ಸುಂಕದ ಕಟ್ಟೆ ಮನೆ ಇದೆ, ಕಸ್ಟಮ್ ಹೌಸ್ ಅಂತಾರೆ, 1680–81ರಲ್ಲಿ ಕಟ್ಟಿದ್ದು. ಅದರ ಮುಂದೆ ನಿಂತು ಆಯಮ್ಮ ಹೇಳಿದ್ದು ಇಷ್ಟು: ಈ ಊರಿನ ಅನ್ನ ಅಂದ್ರೆ ಉಣ್ಣೆ ಬಟ್ಟೆ, ಸರ್ಜ್ ಅನ್ನೋ ಬಟ್ಟೆ. ಸುತ್ತಲಿನ ಹಳ್ಳಿಗಳಲ್ಲಿ ನೇಯ್ದು ಕುದುರೆ ಮೇಲೆ ಹೇರ್ಕೊಂಡು ಇಲ್ಲಿಗೆ ತರ್ತಿದ್ರು, ಇಲ್ಲಿ ತೊಳೆದು ಬಡಿದು ಬಣ್ಣ ಹಾಕಿ ಕಾಲುವೆಯಲ್ಲಿ ದೋಣಿಗೆ ಹತ್ತಿಸಿ ಟಾಪ್ಷಮ್ ಬಂದರಿಗೆ ಕಳಿಸಿ, ಅಲ್ಲಿಂದ ಹಡಗಲ್ಲಿ ಹಾಲೆಂಡು, ಜರ್ಮನಿ, ಸ್ಪೇನು, ಪೋರ್ಚುಗಲ್ಲು. ಹೊಸ ಬಟ್ಟೆಯ ಜಿಡ್ಡು ತೆಗಿಯಕ್ಕೆ ಮನುಷ್ಯರ ಉಚ್ಚೆಯಲ್ಲಿ ನೆನೆಹಾಕ್ತಿದ್ರಂತೆ. ಗುಂಪಲ್ಲಿದ್ದ ಮಕ್ಕಳೆಲ್ಲ ಅಯ್ಯೇ ಅಂದ್ವು. ನಾನು ಅನ್ಲಿಲ್ಲ. ನಮ್ಮಜ್ಜ ಮಗ್ಗದ ಉದ್ದದ ನೂಲಿಗೆ, ಹಾಸು ಅಂತೀವಲ್ಲ ಅದಕ್ಕೆ, ಹುಣಸೆಬೀಜದ ಸರಿ ಹಚ್ಚೋರು, ಬೀಜ ಹುರಿದು ನೆನೆಸಿ ಅರೆದು ಕುದಿಸಿ, ಅದು ಎರಡು ದಿನ ಇಟ್ರೆ ಏನು ವಾಸನೆ ಬರುತ್ತೆ ಅಂತ ನನ್ನ ಮೂಗಿಗೆ ಇನ್ನೂ ಗೊತ್ತು. ಬಟ್ಟೆ ಮಾಡೋ ಜಾಗ ಯಾವ ದೇಶದಲ್ಲೂ ಘಮ್ ಅನ್ನಲ್ಲ.

ಬಡಿದ ಬಟ್ಟೆ ಕುಗ್ಗುತ್ತಲ್ಲ, ಅದನ್ನ ಹೊಳೆ ಪಕ್ಕದ ಹೊಲಗಳಲ್ಲಿ ಉದ್ದಕ್ಕೆ ಮರದ ಚೌಕಟ್ಟು ನಿಲ್ಲಿಸಿ, ಅಂಚಿನ ತುಂಬ ಕೊಕ್ಕೆಗೆ ಸಿಕ್ಕಿಸಿ ಎಳೆದು ಒಣಗಿಸೋರು. ಗುಡ್ಡ ಪೂರ್ತಿ ಬಟ್ಟೆ ನಿಂತಿರ್ತಿತ್ತಂತೆ. ನನಗೆ ತಕ್ಷಣ ನಮ್ಮೂರ ಕೆರೆ ಏರಿ ಮೇಲೆ ಉದ್ದಕ್ಕೆ ಹಾಸು ಎಳೆದು ಗೂಟಕ್ಕೆ ಕಟ್ಟಿರೋದು ಕಣ್ಮುಂದೆ ಬಂತು, ನಾವು ಮಕ್ಕಳು ಅದರ ಕೆಳಗೆ ನುಸುಳಿ ಬೈಸ್ಕೊಳ್ತಿದ್ದದ್ದು.

ಆಮೇಲೆ ಅಜ್ಜಿ ಅಂದ್ರು, ಈ ಬಟ್ಟೆಯ ಊರಿಗೆ 1717ರಲ್ಲಿ ಜರ್ಮನ್ ಹುಡುಗನೊಬ್ಬ ಬಂದ, ಯೋಹಾನ್ ಬೇರಿಂಗ್ ಅಂತ, ಬ್ರೆಮೆನ್ ಊರವನು, ಇನ್ನೂ ಇಪ್ಪತ್ತು ತುಂಬಿರ್ಲಿಲ್ಲ, ಒಬ್ಬ ಬಟ್ಟೆ ವ್ಯಾಪಾರಿ ಹತ್ರ ಕೆಲಸ ಕಲಿಯಕ್ಕೆ. ಕಲಿತು ವಾಪಸ್ ಹೋಗಬೇಕಿತ್ತು. ಹೋಗ್ಲಿಲ್ಲ. 1723ರಲ್ಲಿ ಬ್ರಿಟಿಷ್ ಪ್ರಜೆ ಆದ, ಜಾನ್ ಬೇರಿಂಗ್ ಅಂತ ಹೆಸರು ಬದಲಾಯ್ತು, ಇಲ್ಲಿನ ಹುಡುಗಿನ ಮದುವೆ ಆದ, 1737ರಲ್ಲಿ ಊರಾಚೆ ಲಾರ್ಕ್‌ಬೇರ್ ಅನ್ನೋ ದೊಡ್ಡ ಮನೆ ತಗೊಂಡ.

ಲಾರ್ಕ್‌ಬೇರ್ ಅಂದ ಕೂಡ್ಲೇ ನಾನು ನಮ್ಮನೆಯವ್ರ ಮುಖ ನೋಡ್ದೆ. ಮಗಳ ಸರ್ಟಿಫಿಕೇಟ್ ತಗೊಂಡ ಆಫೀಸಲ್ವಾ ಅದು? ಕೇಳಿದ್ರೆ, ಅಲ್ಲಮ್ಮ, ಈಗಿನ ಆಫೀಸು ಆಮೇಲೆ ಕಟ್ಟಿದ್ದು, ಬೇರಿಂಗ್ ಮನೆ ಅಲ್ಲ, ಹೆಸರು ಮಾತ್ರ ಆ ಹಳೇ ಜಾಗದ್ದೇ ಅಂದ್ರು. ಸರಿ. ಆದ್ರೂ 1723 ಅನ್ನೋ ಇಸವಿ ತಲೆಯಲ್ಲಿ ಕೂತ್ಬಿಡ್ತು. ಆಗಿನ ಕಾಲಕ್ಕೇ ಪೌರತ್ವಕ್ಕೆ ಅರ್ಜಿ ಹಾಕೋದು ಇತ್ತಾ? ಯಾಕೆ ಬೇಕಿತ್ತು ಅವನಿಗೆ? ಆಗಂತೂ ವೀಸಾ ಕ್ಯೂ ಇರ್ಲಿಲ್ಲ.

ಇದನ್ನ ಹುಡುಕ್ತಾ ಹೋದೆ, ಲೈಬ್ರರಿಯಿಂದ ಪುಸ್ತಕ ತಂದೆ, ರಾತ್ರಿ ಮಗು ಮಲಗಿದ ಮೇಲೆ ಒಂದು ಕಡೆ ಅರ್ಜಿ ಇನ್ನೊಂದು ಕಡೆ ಬೇರಿಂಗ್. ಕಾರಣ ಏನು ಗೊತ್ತಾ? ಸುಂಕ. ಆಗಿನ ಇಂಗ್ಲೆಂಡಲ್ಲಿ ಪರದೇಶದೋರು ಹೊರಗಿಂದ ಮಾಲು ತರಿಸಿದ್ರೆ ಇಲ್ಲಿನೋರಿಗಿಂತ ಜಾಸ್ತಿ ಕಸ್ಟಮ್ಸ್ ಕಟ್ಬೇಕಿತ್ತು. ಹಡಗಿನ ಕಾನೂನುಗಳು ಬೇರೆ ಇದ್ವು, 1651ರಿಂದ ಶುರುವಾಗಿದ್ದು, ಪರದೇಶದೋನು ಇಂಗ್ಲಿಷ್ ಹಡಗಿನ ಮಾಲೀಕ ಆಗಂಗಿಲ್ಲ, ವಸಾಹತುಗಳ ಜತೆ ವ್ಯಾಪಾರ ಮಾಡಂಗಿಲ್ಲ. ಇಲ್ಲಿ ಜಮೀನು ತಗೊಂಡ್ರೂ ಅದು ಗಟ್ಟಿ ಹಕ್ಕಲ್ಲ, ಮಕ್ಕಳಿಗೆ ಹೋಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಸಮುದ್ರದ ವ್ಯಾಪಾರ ಮಾಡೋನಿಗೆ ಇದೆಲ್ಲ ಕಾಲಿಗೆ ಕಟ್ಟಿದ ಗುಂಡುಕಲ್ಲು. ಪ್ರಜೆ ಆಗ್ಬಿಟ್ರೆ ಎಲ್ಲಾ ಸಲೀಸು. ಅಂದ್ರೆ ದೇಶಪ್ರೇಮ ಗೀಶಪ್ರೇಮ ಏನಿಲ್ಲ, ಲೆಕ್ಕ ಹಾಕಿ ಮಾಡಿದ್ದು. ಇದನ್ನ ಓದಿದ ರಾತ್ರಿ ನನಗೆ ಎಷ್ಟೋ ಹಗುರ ಆಯ್ತು, ಇಷ್ಟು ದಿನ ಇದೊಂದು ದೊಡ್ಡ ದ್ರೋಹ ಅನ್ನೋ ಥರ ಎದೆ ಮೇಲೆ ಹೊತ್ಕೊಂಡಿದ್ದೆ, ನೋಡಿದ್ರೆ ಇದು ಖರ್ಚು ಉಳಿಸೋ ಬಾಬ್ತು. ಅಕೌಂಟ್ಸ್ ಭಾಷೆಯಲ್ಲಿ ಹೇಳಿದ್ರೆ ನನಗೆ ಬೇಗ ಅರ್ಥ ಆಗುತ್ತೆ.

ಈಗ ಅರ್ಜಿ ವಿಷ್ಯಕ್ಕೆ ಬರ್ತೀನಿ. ಮೊದಲನೇದು ಲೈಫ್ ಇನ್ ದಿ ಯುಕೆ ಪರೀಕ್ಷೆ. ಸರ್ಕಾರದ್ದೇ ಒಂದು ಕೈಪಿಡಿ ಇದೆ, ಅದನ್ನ ಓದ್ಕೊಂಡು ಹೋಗ್ಬೇಕು, 24 ಪ್ರಶ್ನೆ, 45 ನಿಮಿಷ, 18 ಸರಿ ಇರ್ಬೇಕು, ಫೀಸು 50 ಪೌಂಡ್. ನಾವು ಇದನ್ನ ಪರ್ಮನೆಂಟ್ ವಾಸದ ಟೈಮಲ್ಲೇ ಮುಗಿಸಿದ್ವಿ, ಒಂದ್ಸಲ ಪಾಸಾದ್ರೆ ಮತ್ತೆ ಬರೆಯೋದು ಬೇಡ. ಯಾವ ರಾಜನಿಗೆ ಎಷ್ಟು ಹೆಂಡ್ತಿ, ಯಾವ ಯುದ್ಧ ಯಾವಾಗ, ಇಂಥವೇ ಜಾಸ್ತಿ. ನನಗೆ ನೆನಪಿರೋದು ಪಟ್ನಾದಲ್ಲಿ ಹುಟ್ಟಿದ ಶೇಕ್ ದೀನ್ ಮಹಮ್ಮದ್ 1810ರಲ್ಲಿ ಲಂಡನ್ನಲ್ಲಿ ಮೊದಲ ಇಂಡಿಯನ್ ಊಟದ ಹೋಟೆಲ್ ತೆಗೆದದ್ದು, ಯಾಕಂದ್ರೆ ಆ ಪುಸ್ತಕದಲ್ಲಿ ನಮ್ಮ ಕಡೆಯೋನು ಅಂತ ಅನ್ಸಿದ್ದು ಅವನೊಬ್ಬನೇ. ಪರೀಕ್ಷೆಗೆ ಪ್ಲಿಮತ್‌ಗೆ ಹೋಗಿದ್ದೆ, ಡಾಲಿಷ್ ಹತ್ರ ರೈಲು ಸಮುದ್ರದ ಪಕ್ಕಕ್ಕೇ ಹೋಗುತ್ತೆ, ಅಲೆ ಬಂದು ಕಿಟಕಿಗೆ ಬಡಿಯುತ್ತೆ, ಓದಿದ್ದೆಲ್ಲ ಅಲ್ಲೇ ಕೊಚ್ಕೊಂಡು ಹೋಯ್ತು ಅನ್ಸಿತ್ತು, ಹೆಂಗೋ ಪಾಸಾಯ್ತು.

ಕಷ್ಟದ್ದು ಅಂದ್ರೆ ದಿನ ಎಣಿಸೋದು. ಹಿಂದಿನ 5 ವರ್ಷದಲ್ಲಿ 450 ದಿನಕ್ಕಿಂತ ಜಾಸ್ತಿ ದೇಶದ ಹೊರಗಿರಬಾರ್ದು, ಕೊನೇ ವರ್ಷದಲ್ಲಿ 90 ದಿನ ಮೀರಬಾರ್ದು. ಪ್ರತಿಯೊಂದು ಪ್ರಯಾಣನೂ ತಾರೀಕು ಸಮೇತ ಬರೀಬೇಕು. ನಾನು ಪಾಸ್‌ಪೋರ್ಟ್ ತೆಗೆದು ಟೇಬಲ್ ಲ್ಯಾಂಪಿನ ಕೆಳಗೆ ಇಟ್ಕೊಂಡು ಒಂದೊಂದೇ ಮುದ್ರೆ ನೋಡ್ತಾ ಹೋದೆ. ಬೆಂಗಳೂರಿನ ಒಂದು ಮುದ್ರೆ ಮೇಲೆ ಇನ್ನೊಂದು ಒತ್ತಿಬಿಟ್ಟಿದ್ರು, ತಾರೀಕು 8ಓ 3ಓ ಗೊತ್ತಾಗಲ್ಲ. ಕೊನೆಗೆ ಹಳೇ ಇಮೇಲಲ್ಲಿ ಟಿಕೆಟ್ ಹುಡುಕಿ ಎಕ್ಸೆಲ್ ಶೀಟ್ ಮಾಡಿದೆ. ಅದ್ರಲ್ಲಿ ಒಂದು ಸಾಲು 163 ದಿನ. 2020ರ ಫೆಬ್ರವರಿಯಲ್ಲಿ ಅಜ್ಜ ತೀರ್ಕೊಂಡ್ರು ಅಂತ ಊರಿಗೆ ಓಡಿದ್ದೆ, ತಿಥಿ ಮುಗಿಸಿ ಇನ್ನೊಂದೆರಡು ವಾರ ಇದ್ದು ಬರ್ತೀನಿ ಅಂತಿದ್ದಾಗ ಲಾಕ್‌ಡೌನ್ ಬಿತ್ತು, ವಿಮಾನ ನಿಂತ್ಹೋಯ್ತು. ಬೇಸಿಗೆ ಪೂರ್ತಿ ಅಜ್ಜನ ಗುಂಡಿ ಮಗ್ಗ ಇದ್ದ ಪಡಸಾಲೆಯಲ್ಲಿ ಮಲಗಿದ್ದೆ, ಗುಂಡಿ ಮುಚ್ಚಿಸಿ ಸಿಮೆಂಟ್ ಹಾಕೋಣ ಅಂತ ಅಪ್ಪ, ಬೇಡ ಅಂತ ಅಮ್ಮ, ದಿನಾ ಇದೇ ಜಗಳ. ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಇದೆ, ಹೋದ ಕಾರಣ ಅಂತ. ಕುಟುಂಬ ಭೇಟಿ ಅಂತ ಬರೆದೆ.

ಇಬ್ಬರು ಸಾಕ್ಷಿದಾರರು ಬೇಕು, ಮೂರು ವರ್ಷದಿಂದ ನಮ್ಮನ್ನ ಬಲ್ಲೋರು. ಒಬ್ರು ಯಾವುದಾದ್ರೂ ವೃತ್ತಿಯಲ್ಲಿರೋರು, ಇನ್ನೊಬ್ರು ಬ್ರಿಟಿಷ್ ಪಾಸ್‌ಪೋರ್ಟ್ ಇರೋರು. ಒಬ್ರು ನಮ್ಮ ಆಫೀಸಿನ ಆಡಿಟರ್, ಇನ್ನೊಬ್ರು ಪಕ್ಕದ ಮನೆ ಅಜ್ಜಿ, ಫೋಟೋ ಹಿಂದೆ ನೋಡಿ ಇದು ನೀನೇನಾ ಅಂತ ನಕ್ಕು ಸಹಿ ಹಾಕಿದ್ರು. ಬೇರಿಂಗ್ ಕಾಲದಲ್ಲಿ ಇದು ಹೇಗಿತ್ತು ಅಂದ್ರೆ, ಪಾರ್ಲಿಮೆಂಟು ಒಬ್ಬೊಬ್ಬರ ಹೆಸರಲ್ಲಿ ಕಾಯ್ದೆನೇ ಪಾಸ್ ಮಾಡ್ಬೇಕಿತ್ತು, ಕೆಲವು ಸಲ ಒಂದೇ ಕಾಯ್ದೆಯಲ್ಲಿ ನಾಲ್ಕಾರು ಜನ. ಅದಕ್ಕೆ ಮುಂಚೆ ಒಂದು ತಿಂಗಳ ಒಳಗೆ ಚರ್ಚಲ್ಲಿ ರೊಟ್ಟಿ ದ್ರಾಕ್ಷಾರಸದ ಪ್ರಸಾದ ತಗೊಂಡಿರ್ಬೇಕು, ತಗೊಂಡ ಅನ್ನೋದಕ್ಕೆ ಸರ್ಟಿಫಿಕೇಟು ಬೇಕು, ಆಮೇಲೆ ರಾಜನಿಗೆ ನಿಷ್ಠೆಯ ಪ್ರಮಾಣ. ಇಷ್ಟೆಲ್ಲಾ ಮಾಡಿದ್ರೂ 1701ರ ಕಾನೂನಿನ ಪ್ರಕಾರ ಅಂಥೋನು ಪಾರ್ಲಿಮೆಂಟಿಗೆ ನಿಲ್ಲಂಗಿಲ್ಲ. ಅವರಿಗೆ ಪ್ರಸಾದದ ಸರ್ಟಿಫಿಕೇಟು, ನಮಗೆ ಇಂಗ್ಲಿಷ್ ಬರುತ್ತೆ ಅನ್ನೋ ಸರ್ಟಿಫಿಕೇಟು. ಇನ್ನೊಂದು ತಮಾಷೆ ಅಂದ್ರೆ ಆಗಿದ್ದ ರಾಜ ಒಂದನೇ ಜಾರ್ಜ್, ಅವನೂ ಜರ್ಮನಿಯವನೇ, ಹ್ಯಾನೋವರ್‌ನಲ್ಲಿ ಹುಟ್ಟಿ ಬೆಳೆದು ಐವತ್ತು ದಾಟಿದ ಮೇಲೆ ಇಲ್ಲಿಗೆ ರಾಜ ಆಗಿ ಬಂದೋನು. ಜರ್ಮನಿಯ ಹುಡುಗ, ಜರ್ಮನಿಯ ರಾಜಂಗೆ, ನಾನು ಇಂಗ್ಲಿಷಿನವನಾಗ್ತೀನಿ ಅಂತ ಪ್ರಮಾಣ ಮಾಡೋದು.

ಫೀಸು ಮಾತ್ರ ಕೇಳ್ಬೇಡಿ. 2024ರಲ್ಲಿ ನಾವು ಹಾಕಿದಾಗ ಒಬ್ಬರಿಗೆ 1,600 ಪೌಂಡಿನ ಮೇಲೆ, ಇಬ್ಬರಿಗೆ ಸೇರಿ ಒಂದು ಹಳೇ ಕಾರು ಬರ್ತಿತ್ತು. ಅದೂ ತಿರಸ್ಕಾರ ಆದ್ರೆ ಪ್ರಮಾಣ ಸಮಾರಂಭದ ಪಾಲು ಬಿಟ್ರೆ ವಾಪಸ್ ಬರಲ್ಲ. ಬೆರಳಚ್ಚು ಕೊಡಕ್ಕೆ ಹೋದಾಗ ನನ್ನ ಹೆಬ್ಬೆರಳು ಮೆಷಿನ್ನಿಗೆ ಹತ್ತಲೇ ಇಲ್ಲ, ನಾಲ್ಕು ಸಲ ಒರೆಸಿ ಒತ್ತಿಸಿದ್ರು. ಪಾತ್ರೆ ತೊಳೆದೂ ತೊಳೆದೂ ಸವೆದಿದೆ ಅಂದೆ, ಅಲ್ಲಿದ್ದ ಹುಡುಗಿ ನಗ್ಲಿಲ್ಲ.

ಕಾಯೋದು ಆರು ತಿಂಗಳ ತನಕ ಆಗ್ಬಹುದು ಅಂದಿದ್ರು. ಆ ಕಾಯೋ ತಿಂಗಳುಗಳಲ್ಲಿ ಪ್ರತೀ ಭಾನುವಾರ ಅಪ್ಪನ ಜತೆ ಫೋನಲ್ಲಿ ಬೇರಿಂಗ್ ಪುರಾಣ, ಅವನ ಮನೆತನದ ಬಟ್ಟೆ ವ್ಯಾಪಾರ ಮುಂದೆ ಲಂಡನ್ನಲ್ಲಿ ಬೇರಿಂಗ್ ಬ್ಯಾಂಕ್ ಅನ್ನೋ ದೊಡ್ಡ ಬ್ಯಾಂಕೇ ಆಯ್ತು ಅಂತ. ಅಪ್ಪಂಗೆ ಇಂಥ ಕತೆ ಇಷ್ಟ, ವ್ಯಾಪಾರದ್ದು.

"ಬಟ್ಟೆ ಮಾರೋನು ಬ್ಯಾಂಕ್ ಹೆಂಗವ್ವಾ ಮಾಡ್ದ?" ಅಂತ ಕೇಳಿದ್ರು.

ನಾನು ವಿವರಿಸ್ದೆ: ಅಪ್ಪಾ, ಅವ್ನು ಇಲ್ಲಿಂದ ಆಮ್‌ಸ್ಟರ್‌ಡ್ಯಾಮ್‌ನ ಒಬ್ಬ ಸಾಹುಕಾರಂಗೆ ಬಟ್ಟೆ ಕಳಿಸ್ದ ಅಂತ ಇಟ್ಕೊ. ದುಡ್ಡು ಬರೋದು ಎರಡು ಮೂರು ತಿಂಗಳಿಗೆ. ಅಲ್ಲೀತನಕ ನೇಕಾರಂಗೆ, ಬಣ್ಣದೋನಿಗೆ ಕೊಡಬೇಕಲ್ಲ. ಅದಕ್ಕೆ ಆ ಸಾಹುಕಾರನ ಹೆಸರಿಗೆ ಒಂದು ಚೀಟಿ ಬರೀತಾನೆ, ಇಂಥಾ ದಿನ ಇಷ್ಟು ದುಡ್ಡನ್ನ ಈ ಚೀಟಿ ತಂದೋನಿಗೆ ಕೊಡು ಅಂತ. ಇದೇ ಊರಲ್ಲಿ ಇನ್ನೊಬ್ಬನಿಗೆ ಆಮ್‌ಸ್ಟರ್‌ಡ್ಯಾಮ್‌ಗೆ ದುಡ್ಡು ಕಳಿಸೋದಿರುತ್ತೆ, ಅವನು ಈ ಚೀಟಿನ ಸ್ವಲ್ಪ ಕಮ್ಮಿ ಬೆಲೆಗೆ ಕೊಂಡ್ಕೊತಾನೆ.

"ಹುಂಡಿ ಅನ್ನು, ಇಷ್ಟುದ್ದ ಯಾಕೆ ಹೇಳ್ತೀಯಾ" ಅಂದ್ರು ಅಪ್ಪ. "ನಮ್ಮ ಮಂಡಿ ಸಾಹುಕಾರ್ರು ಬೊಂಬಾಯಿ ಮೇಲೆ ಬರೀತಿದ್ರು, ಎಣ್ಣೆ ಕಳಿಸಿ."

ಹೌದು, ಹುಂಡಿನೇ. ಮುಂದಿನದನ್ನ ಅಪ್ಪನೇ ಹೇಳಿದ್ರು. ಒಬ್ಬ ಸಾಹುಕಾರನ ಚೀಟಿ ಎಲ್ಲಿ ಹೋದ್ರೂ ನಡೆಯುತ್ತೆ ಅಂತಾದ್ರೆ, ಹೆಸರಿಲ್ಲದ ಸಣ್ಣ ವ್ಯಾಪಾರಿಗಳು ಬಂದು, ನಮ್ಮ ಹುಂಡಿ ಮೇಲೆ ನಿಮ್ಮದೊಂದು ಸಹಿ ಹಾಕ್ಕೊಡಿ ಅಂತಾರೆ, ಅವನು ಕಮಿಷನ್ ತಗೊಂಡು ಸಹಿ ಹಾಕ್ತಾನೆ. ಮಾಲಿನ ಕೆಲಸ ಬಿಟ್ಟು ಬರೀ ಹೆಸರು ಬಾಡಿಗೆಗೆ ಕೊಟ್ಕೊಂಡು ಕೂತ್ರೆ ಮುಗೀತು, ಅದೇ ಬ್ಯಾಂಕು. ಬೇರಿಂಗ್ ಮನೆಯಲ್ಲಿ ಆದದ್ದೂ ಅದೇ. ಯೋಹಾನ್ ಹಳ್ಳಿ ನೇಕಾರರಿಂದ ನೇಯ್ದ ಬಟ್ಟೆ ಹಂಗೇ ಕೊಂಡು, ಇಲ್ಲಿ ತೊಳೆಸಿ ಬಡಿಸಿ ಬಣ್ಣ ಹಾಕಿಸಿ, ಹಡಗಿಗೆ ಹಾಕ್ತಿದ್ದ ವ್ಯಾಪಾರಿ. ಅವನ ಮಕ್ಕಳು ಜಾನ್ ಮತ್ತು ಫ್ರಾನ್ಸಿಸ್ 1762ರ ಕ್ರಿಸ್‌ಮಸ್ ದಿನದ ಲೆಕ್ಕಕ್ಕೆ ಲಂಡನ್ನಲ್ಲಿ ಅಂಗಡಿ ಶುರು ಮಾಡಿದ್ರು, ಬರ್ತಾ ಬರ್ತಾ ಬಟ್ಟೆ ಹಿಂದೆ ಹೋಗಿ ಹುಂಡಿ ಮುಂದೆ ಬಂತು. ಫ್ರಾನ್ಸಿಸ್‌ಗೆ ಕಿವಿ ಸರಿಯಾಗಿ ಕೇಳ್ತಿರ್ಲಿಲ್ಲ, ಅಂಥೋನು ಯುರೋಪಿನ ದುಡ್ಡಿನ ಪಿಸುಮಾತೆಲ್ಲ ಕೇಳಿಸ್ಕೊಂಡ.

ಆದ್ರೆ ಇಲ್ಲಿ ನಡುವೆ ಒಬ್ಬಳಿದ್ದಾಳೆ, ಅವಳನ್ನ ಎಲ್ರೂ ಒಂದು ಸಾಲಲ್ಲಿ ದಾಟಿಸಿಬಿಡ್ತಾರೆ. ಯೋಹಾನ್‌ನ ಹೆಂಡ್ತಿ ಎಲಿಜಬೆತ್ ವೌಲರ್, ಎಕ್ಸೆಟರ್‌ನ ಒಬ್ಬ ದೊಡ್ಡ ಕಿರಾಣಿ ಸಾಹುಕಾರನ ಮಗಳು, 1729ರಲ್ಲಿ ಮದುವೆ ಆಗಿದ್ದು. ಯೋಹಾನ್ 1748ರಲ್ಲಿ ಐವತ್ತು ವರ್ಷಕ್ಕೇ ಸತ್ತ. ಆಗ ಫ್ರಾನ್ಸಿಸ್‌ಗೆ ಎಂಟು ವರ್ಷ. ಆಮೇಲೆ 18 ವರ್ಷ, 1766ರಲ್ಲಿ ಸಾಯೋ ತನಕ ಈ ವ್ಯಾಪಾರನ ನಡೆಸಿದ್ದು ಎಲಿಜಬೆತ್, ಗಂಡ ಬಿಟ್ಟು ಹೋಗಿದ್ದ ಆಸ್ತಿನ ಹೆಚ್ಚುಕಮ್ಮಿ ದುಪ್ಪಟ್ಟಿನ ಹತ್ರ ತಂದ್ಲು. ಬೇರಿಂಗ್ ಬ್ಯಾಂಕ್ ಅನ್ನೋದು ಹುಟ್ಟಿದ್ದು ಈಯಮ್ಮನ ಕಪಾಟಿಂದ, ನನ್ನ ಮಟ್ಟಿಗಂತೂ ಅಷ್ಟೇ. ವರ್ಷದ ಕೊನೆಗೆ ಲೆಕ್ಕ ತಾಳೆ ನೋಡೋಳು ಯಾರು ಅಂತ ಪ್ರತೀ ಮನೆಯಲ್ಲೂ ಗೊತ್ತಿರುತ್ತೆ, ಬೋರ್ಡ್ ಮೇಲೆ ಹೆಸರು ಮಾತ್ರ ಬೇರೆಯೋರದ್ದು.

ಮುಂದಿನದು ದೊಡ್ಡ ಕತೆ, ಚಿಕ್ಕದಾಗಿ ಹೇಳ್ತೀನಿ. 1803ರಲ್ಲಿ ಅಮೆರಿಕ ಫ್ರಾನ್ಸಿನಿಂದ ಲೂಸಿಯಾನ ಪ್ರಾಂತ್ಯನ 1.5 ಕೋಟಿ ಡಾಲರ್‌ಗೆ ಕೊಂಡಾಗ ದುಡ್ಡಿನ ವ್ಯವಸ್ಥೆ ಮಾಡಿದ್ದು ಬೇರಿಂಗ್‌ನೋರು ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಹೋಪ್ ಕಂಪನಿ, ಅದೇ ವರ್ಷ ಇಂಗ್ಲೆಂಡು ಫ್ರಾನ್ಸು ಯುದ್ಧಕ್ಕೆ ನಿಂತಿದ್ವು ಅನ್ನೋದು ಬೇರೆ ಮಾತು. ಇನ್ನೊಂದು ವಿಷ್ಯ ಓದಿದಾಗ ಮಾತ್ರ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಈ ಫ್ರಾನ್ಸಿಸ್ ಬೇರಿಂಗ್ 1779ರಿಂದ ಈಸ್ಟ್ ಇಂಡಿಯಾ ಕಂಪನಿಯ ಡೈರೆಕ್ಟರು, 1792–93ರಲ್ಲಿ ಅದರ ಚೇರ್ಮನ್ನು. 1792 ಅಂದ್ರೆ ಶ್ರೀರಂಗಪಟ್ಟಣದ ಒಪ್ಪಂದ ಆದ ವರ್ಷ, ಟಿಪ್ಪು ಅರ್ಧ ರಾಜ್ಯ ಬಿಟ್ಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಕೊಂಡು, ಇಬ್ಬರು ಮಕ್ಕಳನ್ನ ಒತ್ತೆ ಇಟ್ಟ ವರ್ಷ. ಲಾರ್ಕ್‌ಬೇರ್ ಮನೆಯಲ್ಲಿ ಹುಟ್ಟಿದ ಹುಡುಗ ಆ ಕಂಪನಿಯ ತಲೆಯ ಮೇಲೆ ಕೂತಿದ್ದ. ಇದನ್ನ ಹೇಳಿದ್ರೆ ಅಪ್ಪ, "ಹಂಗಾದ್ರೆ ಅವ್ರಪ್ಪ ಆ ಅರ್ಜಿ ಹಾಕ್ಬಾರ್ದಿತ್ತು" ಅಂದ್ರು. ನನಗೆ ನಗು ಬಂತು, ಅಪ್ಪ ನಗ್ತಿರ್ಲಿಲ್ಲ.

ಕೊನೆಗೆ ಆ ಬ್ಯಾಂಕ್ ಮುಳುಗಿದ್ದು 1995ರಲ್ಲಿ, ಸಿಂಗಾಪುರದ ಒಬ್ಬ ನೌಕರನಿಂದ. ನಿಕ್ ಲೀಸನ್ ಅಂತ, ನಷ್ಟ ಎಲ್ಲಾ 88888 ನಂಬರಿನ ಒಂದು ಲೆಕ್ಕದಲ್ಲಿ ಬಚ್ಚಿಟ್ಟಿದ್ದ, 82.7 ಕೋಟಿ ಪೌಂಡು ಹೋಯ್ತು, ಡಚ್ಚರ ಐಎನ್‌ಜಿ ಅನ್ನೋ ಬ್ಯಾಂಕಿಂಗ್ ಕಂಪನಿ ಇಡೀ ಬ್ಯಾಂಕನ್ನ 1 ಪೌಂಡಿಗೆ ಕೊಂಡ್ಕೊಳ್ತು. ವ್ಯಾಪಾರ ಮಾಡೋನೂ ಅವನೇ, ಅದರ ಲೆಕ್ಕ ತಾಳೆ ನೋಡೋನೂ ಅವನೇ. ನಮ್ಮ ಆಫೀಸಲ್ಲಿ 40 ಪೌಂಡಿನ ಟ್ಯಾಕ್ಸಿ ಬಿಲ್ಲಿಗೂ ಇಬ್ಬರ ಸಹಿ ಬೇಕು. ಎಲಿಜಬೆತ್ ಇದ್ದಿದ್ರೆ ಮೂರನೇ ದಿನಕ್ಕೆ ಹಿಡೀತಿದ್ಲು.

ಫೆಬ್ರವರಿಯಲ್ಲಿ ಒಪ್ಪಿಗೆಯ ಇಮೇಲ್ ಬಂತು. ನಾನು ಬೇಳೆ ಕುಕ್ಕರ್ ಇಟ್ಟಿದ್ದೆ, ಎರಡನೇ ವಿಷಲ್‌ಗೆ ಓದ್ದೆ. ಮೂರು ತಿಂಗಳೊಳಗೆ ಪ್ರಮಾಣ ಸಮಾರಂಭಕ್ಕೆ ಹೋಗ್ಬೇಕು. ಆವತ್ತು ಹೊಸ ಪ್ರಜೆಗಳು ಸುಮಾರು ಇಪ್ಪತ್ತು ಜನ ಇದ್ವಿ, ಒಬ್ಬೊಬ್ರು ಒಂದೊಂದು ದೇಶ. ದೇವರ ಹೆಸರಲ್ಲಿ ಪ್ರಮಾಣ ಮಾಡೋರು ಒಂದು ಕಡೆ, ದೇವರಿಲ್ಲದೆ ಮಾಡೋರು ಇನ್ನೊಂದು ಕಡೆ. ಯಾವ ದೇವರು ಅಂತ ಅವ್ರು ಕೇಳ್ಲಿಲ್ಲ, ನಾನು ಮನಸ್ಸಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿನ ನೆನೆಸ್ಕೊಂಡು ಮೂರನೇ ಚಾರ್ಲ್ಸ್ ರಾಜನಿಗೂ ಅವನ ವಾರಸುದಾರರಿಗೂ ನಿಷ್ಠಳಾಗಿರ್ತೀನಿ ಅಂದೆ. ಕಂಚಿ ರೇಷ್ಮೆ ಉಡು ಅಂತ ಅಮ್ಮ ಹೇಳಿದ್ರು, ಚಳಿ ಅಂತ ಸೀರೆ ಮೇಲೆ ಜಾಕೆಟ್ ಹಾಕ್ಕೊಂಡಿದ್ದೆ, ಫೋಟೋದಲ್ಲಿ ಜಾಕೆಟ್ಟೇ ಕಾಣ್ಸುತ್ತೆ. ಆಮೇಲೆ ರಾಷ್ಟ್ರಗೀತೆ, ಟೀ, ಬಿಸ್ಕತ್ತು. ಒಟ್ಟು ನಲವತ್ತು ನಿಮಿಷ. ಹೊರಗೆ ಬಂದು ನಮ್ಮನೆಯವ್ರು ಏನನ್ಸುತ್ತೆ ಅಂದ್ರು. ಪಾರ್ಕಿಂಗ್ ಟೈಮ್ ಮುಗೀತಾ ನೋಡಿ ಅಂದೆ.

ಅಸಲಿ ಗೋಳು ಅದಾದ ಮೇಲೆ. ಬ್ರಿಟಿಷ್ ಪಾಸ್‌ಪೋರ್ಟ್ ಮಾಡಿಸಿ, ಭಾರತದ್ದನ್ನ ಒಪ್ಪಿಸಿ, ಓಸಿಐ ಕಾರ್ಡಿಗೆ ಹಾಕ್ಬೇಕು, ಬೇರೆ ದೇಶದ ಪ್ರಜೆ ಆದ ಭಾರತ ಮೂಲದೋರಿಗೆ ಭಾರತ ಸರ್ಕಾರ ಕೊಡೋ ಕಾರ್ಡು ಅದು, ಅದಿದ್ರೆ ಊರಿಗೆ ಹೋಗಕ್ಕೆ ವೀಸಾ ಬೇಡ. ಫೋಟೋ ಎರಡಿಂಚು ಎರಡಿಂಚು ಚೌಕ ಇರ್ಬೇಕು, ಹಿಂದೆ ಬಿಳಿ ಇರಬಾರ್ದು, ತಿಳಿ ಬಣ್ಣ ಇರ್ಬೇಕು. ನಾನು ಬಿಳಿ ಗೋಡೆ ಮುಂದೆ ತೆಗೆಸಿದ್ದೆ, ವಾಪಸ್. ಎರಡನೇ ಸಲ ಮದುವೆ ಸರ್ಟಿಫಿಕೇಟ್ ನೋಡಿ ಕೌಂಟರಿನಲ್ಲಿದ್ದೋರು, ಇದು ಯಾವ ಭಾಷೆ, ಇಂಗ್ಲಿಷಿಗೆ ಮಾಡಿಸ್ಕೊಂಡು ಬನ್ನಿ ಅಂದ್ರು. ಕನ್ನಡ ರೀ, ಭಾರತದ ಕಾಗದಕ್ಕೆ ಭಾರತದ ಅರ್ಜಿಗೆ ಅನುವಾದ ಯಾಕೆ ಅಂತ ಸ್ವಲ್ಪ ಜೋರಾಗೇ ಕೇಳಿದೆ, ಹಿಂದೆ ಕ್ಯೂನಲ್ಲಿದ್ದ ಒಬ್ರು ಗುಜರಾತಿ ಅಂಕಲ್ಲು, ಬಿಡು ಬೇಟಾ ನಂದೂ ಇದೇ ಕತೆ ಅಂದ್ರು. ಮೂರು ಸಲ ಅಲೆದ ಮೇಲೆ ಕೆಲಸ ಆಯ್ತು. ಯಾರಾದ್ರೂ ಹಾಕೋರಿದ್ರೆ ಫೋಟೋ ನಾಲ್ಕು ಜಾಸ್ತಿ ತೆಗೆಸಿಟ್ಕೊಳಿ, ಅನುವಾದ ಮುಂಚೆನೇ ಮಾಡಿಸಿ, ನನ್ನ ಹಂಗೆ ಜಗಳಕ್ಕೆ ಹೋಗ್ಬೇಡಿ, ಉಪಯೋಗ ಇಲ್ಲ.

ಹಳೇ ಪಾಸ್‌ಪೋರ್ಟ್ ರದ್ದು ಅಂತ ಮುದ್ರೆ ಬಿದ್ದು ಅಂಚೆಯಲ್ಲಿ ವಾಪಸ್ ಬಂತು. ಆ 8ಓ 3ಓ ಗೊತ್ತಾಗದ ಮುದ್ರೆನೂ ಹಂಗೇ ಇತ್ತು. ಅಜ್ಜ ಕೊಟ್ಟಿದ್ದ ಕರೀ ಕಂಬಳಿ ಸೂಟ್‌ಕೇಸಲ್ಲಿದೆ, ಅದರ ಮಡಿಕೆಯೊಳಗೆ ಇಟ್ಟೆ. ಆ ಸಂಜೆ ಅಪ್ಪಂಗೆ ಫೋನ್ ಮಾಡಿ ಎಲ್ಲಾ ಮುಗೀತು ಅಂದೆ.

"ಮುಗೀತಾ? ಒಳ್ಳೇದಾಯ್ತು ಬಿಡವ್ವಾ." ಸ್ವಲ್ಪ ಹೊತ್ತು ಸುಮ್ನಿದ್ರು. "ಆ ಜರ್ಮನಿ ಹುಡುಗ ಆಮೇಲೆ ಊರಿಗೆ ವಾಪಸ್ ಹೋದ್ನಾ?"

"ಇಲ್ಲಪ್ಪ. ಇಲ್ಲೇ ಎಕ್ಸೆಟರ್‌ನಲ್ಲೇ ತೀರ್ಕೊಂಡ."

"ಹೂಂ." ಆ ಕಡೆ ಯಾರೋ ಗೇಟ್ ತೆಗೆದ ಸದ್ದಾಯ್ತು. "ಈ ಸಲ ಶೇಂಗಾ ರೇಟು ಪೂರಾ ಬಿದ್ದೋಗೈತೆ ನೋಡು" ಅಂದ್ರು.